ಟಾಕಿಗೆ ನೀರು ಬಾರದ ದಿನಗಳು

ಹಂಸಭಾವಿ
೪ ಮೇ ೨೦೨೪

ಹುಲಗೇಶನಿಗೆ,

ನಿನ್ನ ಫೋನನ್ನು ನಾನು ಬೇಕಂತಲೇ ಎತ್ತುತ್ತಿಲ್ಲ. ಫೋನಿನಲ್ಲಿ ಆಡಿದ ಮಾತನ್ನು ನಾಳೆ ನೀನು ಆಡೇ ಇಲ್ಲ ಎನ್ನಬಹುದು. ಅದಕ್ಕೇ ಕಾಗದದ ಮೇಲೆ ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಸಹಿ ಮಾಡಿ ತೆಗೆದುಕೋ.

ಏಪ್ರಿಲ್ ಇಪ್ಪತ್ತೊಂಬತ್ತರ ಮಧ್ಯಾಹ್ನ ನಿನ್ನ ತಾಯಿ ಭರಮವ್ವ ನಮ್ಮ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನೊಳಗೆ, ಟೊಮ್ಯಾಟೊ ಸಾಲಿನ ನಡುವೆ ಕೆಲಸ ಮಾಡುತ್ತ ಕುಸಿದು ಬಿದ್ದಳು. ಅಂದು ನಾನು ಹಿರೇಕೆರೂರಿನಲ್ಲಿದ್ದೆ. ಉಳಿದ ಹೆಂಗಸರು ಅವಳನ್ನು ಎತ್ತಿ ಹೊರಗೆ ತಂದು ಬೇವಿನ ಗಿಡದ ಕೆಳಗೆ ಮಲಗಿಸಿ ತಲೆಗೆ ನೀರು ಹೊಯ್ದರಂತೆ. ನಮ್ಮ ಕಾರಕೂನ ಜಗದೀಶ ಬಾಡಿಗೆ ಕಾರಿನಲ್ಲಿ ಹಿರೇಕೆರೂರಿಗೆ ತಂದ. ಆಸ್ಪತ್ರೆಯ ಬಾಗಿಲಲ್ಲಿ ನಾನೇ ನಿಂತು ಸೇರಿಸಿದೆ. ಬಿಸಿಲಿನ ಹೊಡೆತ ಎಂದರು ಡಾಕ್ಟರು. ಬಿಸಿಲಂತೆ! ಅವಳು ಬಿಸಿಲಿನಲ್ಲಿ ಇರಲೇ ಇಲ್ಲ. ತಂಪು ಮಾಡಿಕೊಡುತ್ತೇನೆ ಎಂದು ನೀನು ಕಟ್ಟಿದ ಮನೆಯೊಳಗಿದ್ದಳು.

ನಮ್ಮ ಪಡಸಾಲೆಯಲ್ಲಿ ಕುಳಿತು ನೀನು ಆಡಿದ ಮಾತು ನನಗೆ ಅಕ್ಷರಕ್ಷರ ನೆನಪಿದೆ. “ಹೊರಗ ನಲವತ್ತಿದ್ರೂ ಒಳಗ ಮೂವತ್ತರ ಮ್ಯಾಲ ಹೋಗಂಗಿಲ್ರಿ ಅಕ್ಕಾರ. ಪ್ಯಾಡಿಗೆ ಬಿಟ್ಟ ನೀರಿನ್ಯಾಗ ಅರ್ಧ ತಿರುಗಿ ಟಾಕಿಗೆ ಬರ್ತೈತಿ. ಗ್ಯಾರಂಟಿ.” ನಿನ್ನ ಗ್ಯಾರಂಟಿಯನ್ನು ನಂಬಿ ನಮ್ಮ ಮಾವನವರು ಹತ್ತು ಗುಂಟೆ ಕರಿ ಭೂಮಿ ಬಿಟ್ಟುಕೊಟ್ಟರು.

ಈಗ ನೋಡು. ಹದಿನೆಂಟು ಹೆಂಗಸರು ಚಿಮಟ ಹಿಡಿದು ಗಿಡದ ಮೇಲೆಯೇ ಒಂದೊಂದೇ ಮೊಗ್ಗು ಬಿಡಿಸಿ ಅದರ ಗಂಡು ಎಸಳು ಕಿತ್ತು, ಮರುದಿನ ಬೆಳಿಗ್ಗೆ ಒಂದೊಂದಕ್ಕೇ ಗಂಡು ಗಿಡದ ಹೂವಿನ ಪರಾಗದ ಪುಡಿ ಮುಟ್ಟಿಸುತ್ತಾರೆ. ಹೈಬ್ರಿಡ್ ಬೀಜವೆಂದರೆ ಅದೇ, ಹೆಂಗಸರ ಬೆರಳಿನ ಕೆಲಸ. ಆ ಹೂವೆಲ್ಲ ಕಾಯಿ ಕಟ್ಟದೆ ಉದುರಿತು. ಕಸಬರಿಗೆಯಿಂದ ಗುಡಿಸಿ ಚೀಲದಲ್ಲಿ ತುಂಬಿ ಹೊರಗೆ ಹಾಕಿದೆವು. ಬೀಜ ಕಂಪನಿಯ ಮಹಾಂತೇಶ ಬಂದು ನೋಡಿ, “ಪುಡಿ ಕಾವಿಗೆ ಸತ್ತೈತ್ರಿ” ಎಂದ.

ಅಕ್ಕಿಆಲೂರಿನ ಮಹಿಳಾ ಸಂಘದವರು ನಿನ್ನಿಂದ ಇಂಥದ್ದೇ ಮನೆ ಕಟ್ಟಿಸಲು ಹೊರಟಿದ್ದಾರೆಂದು ಕೇಳಿದೆ. ಸಂಘದ ಅಫ್ಸಾನಾಗೆ ನಾನೇ ಫೋನ್ ಮಾಡಿ, ಹೆತ್ತ ತಾಯಿಯನ್ನೇ ಬೇಯಿಸಿದ ಮನುಷ್ಯನ ಕೈಗೆ ನಿಮ್ಮ ಹೆಂಗಸರನ್ನು ಕೊಡಬೇಡಿ ಎಂದು ಹೇಳಿದ್ದೇನೆ. ಬಂದು ನೆಲದಲ್ಲಿ ಹೂತ ನಿನ್ನ ಪೈಪುಗಳನ್ನು ಕಿತ್ತುಕೊಂಡು ಹೋಗು.

ಭರಮವ್ವ ಹುಷಾರಾಗಲಿ. ಅದೊಂದನ್ನು ಮನಸ್ಸಿನಿಂದ ಬರೆಯುತ್ತಿದ್ದೇನೆ.

ಸುಧಾರಾಣಿ


ಶಿಗ್ಗಾಂವ
೧೦ ಮೇ ೨೦೨೪

ಸುಧಾರಾಣಿ ಅಕ್ಕನವರಿಗೆ ನಮಸ್ಕಾರ.

ನಮಸ್ಕಾರ ರೂಢಿಯಿಂದ ಬಂತು, ಬರೆದಾದ ಮೇಲೆ ಹೊಡೆದುಹಾಕಲು ಮನಸ್ಸಾಗಲಿಲ್ಲ.

ನಿಮ್ಮ ಕಾಗದದ ತುಂಬ ನಾನು ‘ನೀನು’, ನನ್ನ ತಾಯಿ ‘ಅವಳು’. ನನಗೆ ನಲವತ್ತೆರಡು ವರ್ಷ. ಅವ್ವನಿಗೆ ಅರವತ್ತೊಂದು, ನಿಮಗಿಂತ ಹದಿನೈದು ವರ್ಷ ದೊಡ್ಡವಳು. ನಾನು ಅವಳು ಎನ್ನಬಹುದು, ಹೊಟ್ಟೆಯಲ್ಲಿ ಹುಟ್ಟಿದವನು. ನೀವು ಯಾವ ಲೆಕ್ಕದಲ್ಲಿ ಅನ್ನುತ್ತೀರಿ? ಕಾವಿಗೆ ಕುಸಿದು ಬಿದ್ದವಳಿಗೆ ಬಹುವಚನ ಕೊಟ್ಟಿದ್ದರೆ ನಿಮ್ಮ ಶಾಯಿ ಏನೂ ಖರ್ಚಾಗುತ್ತಿರಲಿಲ್ಲ.

ಅವ್ವ ಹಂಸಭಾವಿ ಬಿಟ್ಟು ಈಗ ಶಿಗ್ಗಾಂವದ ನಮ್ಮ ಮನೆಯಲ್ಲಿದ್ದಾಳೆ. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾಳೆ. ಮಾತು ಕಡಿಮೆ. ಟೊಮ್ಯಾಟೊ ಎಲೆಯ ಕರಿ ಇನ್ನೂ ಅವಳ ಬೆರಳಿನಿಂದ ಬಿಟ್ಟಿಲ್ಲ, ನನ್ನ ಹೆಂಡತಿ ದಿನಾ ನಿಂಬೆಹಣ್ಣು ಹಚ್ಚಿ ತಿಕ್ಕುತ್ತಾಳೆ. ಹೆತ್ತ ತಾಯಿಯನ್ನೇ ಬೇಯಿಸಿದವನು ಎಂದು ನೀವು ಬರೆದ ಸಾಲನ್ನು ನಾನು ಯಾರಿಗೂ ಓದಿ ಹೇಳಿಲ್ಲ. ಆದರೆ ಆ ಮಾತು ನನಗಿಂತ ಮೊದಲು ಅಕ್ಕಿಆಲೂರು ಮುಟ್ಟಿ, ಅಲ್ಲಿಂದ ಹಾನಗಲ್ಲಿನ ಗೊಬ್ಬರದ ಅಂಗಡಿಗೂ ಹೋಗಿದೆ. ಅಫ್ಸಾನಾ ಫೋನ್ ಮಾಡಿ, “ಸದ್ಯಕ್ಕ ತಡೀರಿ ಅಣ್ಣಾರ” ಎಂದರು. ಸದ್ಯಕ್ಕೆ ಎಂದರೇನು ಎಂದು ನನಗೆ ಗೊತ್ತಿದೆ.

ನಾನು ಹಾಕಿದ ಮೊದಲ ಮನೆ ನಿಮ್ಮದು. ಎರಡನೆಯದು ಅಕ್ಕಿಆಲೂರಿನದು. ಅದು ಹೋದರೆ ಮೂರನೆಯದು ಎಂಬುದಿಲ್ಲ. ಹದಿನಾಲ್ಕು ವರ್ಷ ಗೇಟು, ಕಿಟಕಿಯ ಸರಳು ಬೆಸೆದುಕೊಂಡು, ಉಳಿದ ಹೊತ್ತಿನಲ್ಲಿ ತಲೆ ಕೆಡಿಸಿಕೊಂಡು ಕಲಿತದ್ದು ಇದೊಂದೇ ವಿದ್ಯೆ. ಅದನ್ನು ನೀವು ಒಂದು ಫೋನಿನಲ್ಲಿ ಮಣ್ಣು ಮಾಡಿದಿರಿ.

ಈಗ ಯಂತ್ರದ ವಿಷಯ. ಮನೆಯ ಒಂದು ಗೋಡೆಗೆ ರಟ್ಟಿನ ಪ್ಯಾಡು, ಅದರ ಮೇಲಿಂದ ನೀರು ಇಳಿಯುತ್ತಿರುತ್ತದೆ. ಎದುರು ಗೋಡೆಯ ನಾಲ್ಕು ಫ್ಯಾನು ಗಾಳಿ ಎಳೆದಾಗ ಹೊರಗಿನ ಬಿಸಿಗಾಳಿ ಒದ್ದೆ ಪ್ಯಾಡಿನಲ್ಲಿ ಹಾದು ತಂಪಾಗಿ ಒಳಗೆ ಬರುತ್ತದೆ. ಆ ಕಡೆಯಿಂದ ಹೊರಡುವ ಹಸಿ ಗಾಳಿಯನ್ನು ನಾನು ಸುಮ್ಮನೆ ಬಿಡುವುದಿಲ್ಲ. ಎಂಟು ಅಡಿ ಆಳದಲ್ಲಿ ಹೂತ ಪೈಪುಗಳಲ್ಲಿ ಸಾಗಿಸುತ್ತೇನೆ. ನೆಲದ ತಂಪಿಗೆ ಗಾಳಿಯಲ್ಲಿನ ನೀರು ಪೈಪಿನ ಒಳಮೈಗೆ ಹನಿಗಟ್ಟಿ ಟಾಕಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ತಣ್ಣೀರಿನ ತಂಬಿಗೆ ಬೆವರುತ್ತದಲ್ಲ, ಅಷ್ಟೇ. ಅರ್ಧ ಎಂದದ್ದು ನನ್ನ ಬಾಯಿಬಡುಕತನ, ಒಪ್ಪುತ್ತೇನೆ. ಮೂರರಲ್ಲಿ ಒಂದು ಪಾಲು ತಿರುಗಿ ಬರುತ್ತದೆ. ಆದರೆ ಫ್ಯಾನು ತಿರುಗಿದ ದಿನ ನೀರು ಬರಲೇಬೇಕು. ನೀರು ಬರಲಿಲ್ಲವೆಂದರೆ ಅಂದು ಫ್ಯಾನು ತಿರುಗಿಲ್ಲ.

ಕರೆಂಟಿನ ಕಾರಣ ಹೇಳಬೇಡಿ, ಫ್ಯಾನು ಓಡುವುದು ಸೋಲಾರಿನ ಮೇಲೆ. ಮೇ ಎರಡರಂದು ಅವ್ವನನ್ನು ಕರೆದೊಯ್ಯಲು ಬಂದಾಗ ನಿಮ್ಮ ಗೇಟಿನ ಹೊರಗೆ ನಿಂತು ಕಿವಿಗೊಟ್ಟೆ. ನಾಲ್ಕೂ ಫ್ಯಾನು ಓಡುತ್ತಿದ್ದವು. ಜಗದೀಶ ಒಳಗೆ ಬಿಡಲಿಲ್ಲ.

ಆತ ದಿನಾ ಸಂಜೆ ಟಾಕಿಯಲ್ಲಿ ಗೆರೆ ಹಾಕಿದ ಕೋಲು ಇಳಿಬಿಟ್ಟು, ಎಷ್ಟು ಗೆರೆ ನೀರು ಬಂತೆಂದು ಒಂದು ವಹಿಯಲ್ಲಿ ಬರೆಯುತ್ತಾನೆ. ಆ ವಹಿಯನ್ನು ನನಗೆ ಕಳಿಸಿ.

ಹುಲಗೇಶ


ಹಂಸಭಾವಿ
೧೮ ಮೇ ೨೦೨೪

ಮಾನ್ಯ ಶ್ರೀ ಹುಲಗೇಶ ಅವರಿಗೆ,

ಸಾಕೇ? ಇನ್ನೊಂದು ‘ಶ್ರೀ’ ಬೇಕಿದ್ದರೆ ಅಂಚಿನಲ್ಲಿ ಜಾಗ ಬಿಟ್ಟಿದ್ದೇನೆ, ತಾವೇ ಬರೆದುಕೊಳ್ಳಿ.

ಮರ್ಯಾದೆಯ ಪಾಠ ಹೇಳಿದಿರಿ, ಸಂತೋಷ. ನಾನು ಭರಮವ್ವನವರಿಗೆ ಒಂದು ಸೀರೆ, ಒಂದು ಚೀಲ ಅಕ್ಕಿ ಕಳಿಸಿದ್ದೆ. ಎರಡೂ ಅದೇ ಟೆಂಪೋದಲ್ಲಿ ತಿರುಗಿ ಬಂದವು. ಅಕ್ಕಿಯ ಚೀಲದ ಬಾಯಿ ಸಹ ಬಿಚ್ಚಿರಲಿಲ್ಲ. ಮನೆಗೆ ಬಂದದ್ದನ್ನು ಹೀಗೆ ಒದ್ದು ಕಳಿಸುವುದನ್ನು ನಿಮ್ಮಲ್ಲಿ ಏನೆಂದು ಕರೆಯುತ್ತಾರೆ?

ನಿಮ್ಮ ವಿದ್ಯೆಯನ್ನು ನಾನು ಮಣ್ಣು ಮಾಡಿದೆನಂತೆ. ನನ್ನದನ್ನೂ ಕೇಳಿ. ಗಂಡ ತೀರಿಕೊಂಡು ಆರು ವರ್ಷ. ಆ ವರ್ಷವೇ ಮೈದುನಂದಿರು ಹೊಲ ತಮಗೆ ಸೇರಬೇಕೆಂದು ಹಿರಿಯರನ್ನು ಕೂಡಿಸಿದ್ದರು. ನಮ್ಮ ಮಾವ ಕುಬೇರಪ್ಪನವರು ಎದ್ದು ನಿಂತು, “ಈ ಹೊಲ ನನ್ನ ಸೊಸಿದು, ಆಕಿ ಏನ್ ಬೆಳಿತಾಳ ಬೆಳೀಲಿ” ಎಂದು ಒಂದೇ ಮಾತಿನಲ್ಲಿ ಸಭೆ ಮುಗಿಸಿದರು. ಹೊಸತೆಂದರೆ ಮುಖ ತಿರುಗಿಸುವ ಮನುಷ್ಯ ಅವರು. ಅಂಥವರು ನನ್ನ ಮಾತಿನ ಮೇಲೆ ಈ ಪ್ಲಾಸ್ಟಿಕ್ ಮನೆಗೆ ಒಪ್ಪಿದರು. ದಿನಾ ಪೂಜೆ ಮುಗಿಸಿ ಅದರ ಬಾಗಿಲಿಗೂ ವಿಭೂತಿ ಹಚ್ಚಿ ಬರುತ್ತಾರೆ. ಭರಮವ್ವ ಬಿದ್ದಾಗಿನಿಂದ ಅವರೂ ಸರಿಯಾಗಿ ಉಣ್ಣುತ್ತಿಲ್ಲ. ಬೀಜ ಕೈಕೊಟ್ಟಿತೆಂದು ಮೈದುನಂದಿರು ಕಟ್ಟೆಯ ಮೇಲೆ ಕುಳಿತು ನಗುತ್ತಾರೆ. ಇನ್ನೊಂದು ಬೆಳೆ ಹೀಗಾದರೆ ಮತ್ತೆ ಹಿರಿಯರನ್ನು ಕೂಡಿಸುತ್ತಾರೆ. ಆಗ ಎದ್ದು ನಿಲ್ಲಲು ಮಾವನವರಿಗೆ ಮುಖವಿರುವುದಿಲ್ಲ.

ವಹಿ ಕಳಿಸುವುದಿಲ್ಲ. ಅದು ನಮ್ಮ ಮನೆಯದು. ಆದರೆ ನಿಮ್ಮ ಯಂತ್ರದ ಬಣ್ಣ ನಿಮಗೇ ಗೊತ್ತಾಗಲಿ ಎಂದು ನೀರು ಬಾರದ ದಿನಗಳನ್ನು ಜಗದೀಶನಿಂದ ಓದಿಸಿ ಕೆಳಗೆ ಬರೆದಿದ್ದೇನೆ. ಈ ದಿನಗಳಲ್ಲಿ ಟಾಕಿಗೆ ಒಂದು ಗೆರೆಯೂ ಬಿದ್ದಿಲ್ಲ:

ಏಪ್ರಿಲ್ ಒಂದು. ಏಪ್ರಿಲ್ ಎಂಟು. ಏಪ್ರಿಲ್ ಹದಿನೈದು. ಏಪ್ರಿಲ್ ಇಪ್ಪತ್ತೆರಡು. ಏಪ್ರಿಲ್ ಇಪ್ಪತ್ತೊಂಬತ್ತು. ಮೇ ಆರು. ಮೇ ಹದಿಮೂರು.

ಒಂದೂವರೆ ತಿಂಗಳಲ್ಲಿ ಏಳು ಸಲ ಕೈಕೊಟ್ಟ ಯಂತ್ರ. ಇದನ್ನು ಅಕ್ಕಿಆಲೂರಿಗೂ ಕಳಿಸಲೇ?

ಸುಧಾರಾಣಿ


ಶಿಗ್ಗಾಂವ
೨೩ ಮೇ ೨೦೨೪

ಅಕ್ಕನವರೇ,

ಕಳಿಸಿ. ಅಕ್ಕಿಆಲೂರಿಗೆ ಕಳಿಸುವಾಗ ಜೊತೆಗೆ ಒಂದು ಕ್ಯಾಲೆಂಡರನ್ನೂ ಇಟ್ಟು ಕಳಿಸಿ.

ನಿಮ್ಮ ಕಾಗದ ಹಿಡಿದು ಅಂಗಡಿಯ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತೆ. ಒಂದೊಂದೇ ತಾರೀಖಿಗೆ ಸೀಮೆಸುಣ್ಣದಿಂದ ಗುಂಡು ಹಾಕಿದೆ. ಏಳೂ ಒಂದೇ ಸಾಲಿನಲ್ಲಿ ಬಂದವು. ಏಳೂ ಸೋಮವಾರ.

ಯಂತ್ರ ಕೆಟ್ಟರೆ ಬುಧವಾರವೂ ಕೆಡುತ್ತದೆ, ಶುಕ್ರವಾರವೂ ಕೆಡುತ್ತದೆ. ನನ್ನ ಫ್ಯಾನಿಗೆ ವಾರ ತಿಥಿ ನೋಡಲು ನಾನು ಕಲಿಸಿಲ್ಲ. ವಾರ ಬಲ್ಲವರು ಯಾರೋ ನಿಮ್ಮ ಮನೆಯಲ್ಲಿದ್ದಾರೆ, ಅವರು ಸ್ವಿಚ್ ಆರಿಸುತ್ತಾರೆ. ಅಂಥ ಮನೆಯಲ್ಲಿ ಗಾಳಿ ನಿಂತರೆ ಏನಾಗುತ್ತದೆ ಗೊತ್ತೇ? ಸುತ್ತ ಪ್ಲಾಸ್ಟಿಕ್ಕು, ಎಲ್ಲೂ ಕಿಟಕಿಯಿಲ್ಲ, ಹೊರಗಿನದಕ್ಕಿಂತ ಹತ್ತು ಡಿಗ್ರಿ ಹೆಚ್ಚು ಕಾಯುತ್ತದೆ. ಒಂದು ದಿನದ ಆ ಕಾವು ಮುಂದೆ ಅರಳಬೇಕಾದ ಮೊಗ್ಗಿನ ಪುಡಿಯನ್ನೂ ಸುಡುತ್ತದೆ. ಒಳಗೆ ಹೆಂಗಸರಿದ್ದಾರೆ ಎಂದು ಗೊತ್ತಿದ್ದೂ ಆರಿಸಿದ್ದಾರೆ.

ಪ್ರತಿ ಸೋಮವಾರ ನೀವು ಬೀಜ ಕಂಪನಿಯ ಕೆಲಸಕ್ಕೆಂದು ಹಿರೇಕೆರೂರಿಗೆ ಹೋಗುತ್ತೀರಿ, ಅದು ಊರಿಗೇ ಗೊತ್ತು. ನಾವಿಲ್ಲದ ದಿನ ಯಂತ್ರ ಓಡಿದರೆ ಸುಟ್ಟುಹೋದೀತು ಎಂಬ ಭಯಕ್ಕೆ ನೀವೇ ಆರಿಸಿ ಹೋಗುತ್ತೀರೋ? ಇಲ್ಲ, ಆ ಜಗದೀಶನಿಗೆ ಆರಿಸಲು ಹೇಳಿದ್ದೀರೋ? ನನ್ನ ತಾಯಿ ಬಿದ್ದದ್ದು ನಿಮ್ಮ ಜಿಪುಣತನಕ್ಕೆ ಎಂದು ನಾನು ಹೇಳುತ್ತೇನೆ. ಅಲ್ಲವೆಂದರೆ ಬರೆಯಿರಿ: ನಿಮ್ಮ ಮನೆಯಲ್ಲಿ ಸೋಮವಾರ ಏನು ನಡೆಯುತ್ತದೆ?

ಹುಲಗೇಶ


ಹಂಸಭಾವಿ
೨೦ ಜೂನ್ ೨೦೨೪

ಹುಲಗೇಶ ಅವರಿಗೆ,

ನಿಮ್ಮ ಕಾಗದ ಬಂದು ನಾಲ್ಕು ವಾರವಾಗುತ್ತ ಬಂತು. ಉತ್ತರ ಬರೆಯಲು ಮೂರು ಸಲ ಕುಳಿತೆ, ಮೂರು ಸಲವೂ ಎದ್ದೆ.

ಮೇ ಇಪ್ಪತ್ತೇಳರ ಸೋಮವಾರ ಹಿರೇಕೆರೂರಿಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ, ಕಾರು ರಸ್ತೆಯಲ್ಲಿ ಬಿಟ್ಟು, ಹೊಲದ ಬದುವಿನ ಮೇಲೆ ನಡೆದು ಬಂದು ಬಣವೆಯ ಮರೆಯಲ್ಲಿ ನಿಂತೆ. ನನ್ನ ಹೊಲದಲ್ಲೇ ನಾನು ಕಳ್ಳಿಯಂತೆ ನಿಲ್ಲಬೇಕಾಯಿತು, ಅದಕ್ಕೂ ನೀವೇ ಕಾರಣ. ಜಗದೀಶನನ್ನು ಹಿಡಿಯಬಹುದು ಎಂದುಕೊಂಡಿದ್ದೆ. ಬಂದವರು ಮಾವನವರು. ಕೈಯಲ್ಲಿ ವಿಭೂತಿಯ ಗಟ್ಟಿ. ಬಾಗಿಲಿಗೆ ಹಚ್ಚಿದರು, ಹೋಗಿ ಫ್ಯಾನಿನ ಚೌಕಟ್ಟಿಗೆ ಹಚ್ಚಿದರು, ಕೈ ಮುಗಿದರು, ಮೇನ್ ಸ್ವಿಚ್ ಕೆಳಗೆ ಎಳೆದರು. ಫ್ಯಾನು ನಿಂತವು.

ನಾನು ಹತ್ತಿರ ಹೋಗಿ ಕೇಳಿದೆ. “ಮಾವಾರ, ಯಾಕ ಬಂದ್ ಮಾಡಿದ್ರಿ?”

“ಇವತ್ತ ಸೋಮವಾರ ಐತೆವಾ.”

“ಅದಕ್ಕ?”

“ಅದಕ್ಕ ಅಂದ್ರ ಏನು? ಬಸವಣ್ಣನ ವಾರ. ಸೋಮವಾರ ಎತ್ತು ಹೂಡಂಗಿಲ್ಲ, ಇದನ್ನ ಹೂಡಬಹುದೇನು? ಆರು ದಿನ ಉಸಿರು ಹಿಡದು ದುಡಿತೈತಿ. ಅದಕ್ಕೂ ಜೀವ ಐತಿ. ಒಂದಿನ ಆರಾಮ ನಿಂದ್ರಲಿ.”

ಅವರ ಮುಖದಲ್ಲಿ ಕಪಟವಿರಲಿಲ್ಲ. ಮಗುವಿಗೆ ತಿಳಿಸಿ ಹೇಳುವ ಹಾಗೆ ಹೇಳಿದರು. ಸಂಜೆ ದೀಪ ಹಚ್ಚಿದ ಮೇಲೆ ಅವರೇ ಹೋಗಿ ಮತ್ತೆ ಸ್ವಿಚ್ ಹಾಕುತ್ತಾರಂತೆ. ನಮ್ಮಲ್ಲಿ ಸೋಮವಾರ ಟ್ರ್ಯಾಕ್ಟರನ್ನೂ ಶೆಡ್ಡಿನಿಂದ ಹೊರಗೆ ತೆಗೆಯಲು ಬಿಡುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ಮನೆಯಲ್ಲಿದ್ದೇನೆ. ನನಗೆ ಹೊಳೆಯಬೇಕಿತ್ತು. ಜಗದೀಶನಿಗೆ ಎಲ್ಲ ಗೊತ್ತಿತ್ತು. ಯಾಕೆ ಹೇಳಲಿಲ್ಲವೆಂದು ಗದರಿದರೆ, “ಗೌಡ್ರಿಗೆ ನಾ ಏನಂತ ಹೇಳ್ಲಿರಿ ಅಕ್ಕಾರ?” ಎಂದು ನೆಲ ನೋಡಿದ.

ಹೀಗಿದೆ ವಿಷಯ. ನೀವು ಗೆದ್ದಿರಿ ಎಂದು ಕುಣಿಯಬೇಡಿ. ಜಿಪುಣತನ ಎಂದು ಬರೆದಿರಲ್ಲ, ಅದು ನನಗೆ ಚುಚ್ಚಿದೆ. ಅದನ್ನು ನಾನು ಮರೆಯುವವಳಲ್ಲ.

ಅಕ್ಕಿಆಲೂರಿಗೆ ನಾನು ಬರೆಯುತ್ತೇನೆ: ಲೈನಿನಲ್ಲಿ ಏನೋ ದೋಷವಿತ್ತು, ಈಗ ಸರಿಹೋಗಿದೆ, ನೀವು ಕೆಲಸ ಶುರು ಮಾಡಿಸಬಹುದು ಎಂದು. ಅಷ್ಟಕ್ಕೆ ಬಿಟ್ಟುಬಿಡೋಣ. ಮಾವನವರಿಗೆ ಎಪ್ಪತ್ತೊಂಬತ್ತು. ನನ್ನ ಪರವಾಗಿ ಹಿರಿಯರ ಮುಂದೆ ನಿಂತವರನ್ನು ನಾನು ಊರಿನ ಬಾಯಿಗೆ ಕೊಡಲಾರೆ. ಮಳೆಗಾಲದ ಸಸಿ ಹಚ್ಚುತ್ತಿದ್ದೇವೆ. ಭರಮವ್ವನವರು ಸುಧಾರಿಸಿದ್ದರೆ ಬರಲಿ, ಅವರ ಜಾಗ ಅವರಿಗೇ ಇದೆ.

ಸುಧಾರಾಣಿ


ಶಿಗ್ಗಾಂವ
೨೭ ಜೂನ್ ೨೦೨೪

ಸುಧಾರಾಣಿ ಅಕ್ಕನವರಿಗೆ,

ಜಿಪುಣತನ ಎಂದದ್ದು ತಪ್ಪು. ಹಿಂದಕ್ಕೆ ತೆಗೆದುಕೊಂಡೆ. ನೀವು ಅಕ್ಕಿಆಲೂರಿನಲ್ಲಿ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಯಾವಾಗ?

ಲೈನಿನ ದೋಷವಂತೆ! ಲೈನು ಎಳೆದವನು ಯಾರು? ನಾನು. ನಿಮ್ಮ ಗೌಡರ ಮರ್ಯಾದೆ ಉಳಿಸಲು ಮತ್ತೆ ನನ್ನ ತಲೆಯ ಮೇಲೇ ಹಾಕುತ್ತೀರಿ, ಈ ಸಲ ಸ್ವಲ್ಪ ನಯವಾಗಿ. ಲೈನಿನಲ್ಲಿ ದೋಷವಿಡುವವನಿಗೆ ಯಾರು ಮನೆ ಕಟ್ಟಲು ಕರೆಯುತ್ತಾರೆ? ಇಂಥ ಉಪಕಾರ ನನಗೆ ಬೇಡ.

ನೀವು ಅಕ್ಕಿಆಲೂರಿಗೆ ಹೋಗಬೇಕು. ಕಾಗದ ಸಾಲದು, ಫೋನೂ ಸಾಲದು. ಸಂಘದ ಎಲ್ಲ ಹೆಂಗಸರು ಕೂಡಿದಾಗ ಎದ್ದು ನಿಂತು, ಫ್ಯಾನು ಆರಿಸಿದ್ದು ನಮ್ಮ ಮನೆಯವರು, ಹುಲಗೇಶನ ಕೆಲಸದಲ್ಲಿ ದೋಷವಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಗೌಡರು ಇಲ್ಲಿಗೆ ಬಂದು ನನ್ನ ತಾಯಿಯ ಎದುರು ಕುಳಿತು ತಪ್ಪಾಯಿತು ಎನ್ನಬೇಕು. ಇವೆರಡೂ ಆಗದಿದ್ದರೆ ನಿಮ್ಮ ಕಾಗದಗಳನ್ನು ಝೆರಾಕ್ಸ್ ಮಾಡಿಸಿ ನಾನೇ ಹಂಚುತ್ತೇನೆ. ಸಹಿ ನಿಮ್ಮದೇ ಇದೆ.

ಇನ್ನೊಂದು ಸಂಗತಿ. ನಿಮ್ಮ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

“ನನಗ ಗೊತ್ತಿತ್ತು,” ಎಂದಳು.

“ಗೊತ್ತಿತ್ತಾ? ಎರಡು ತಿಂಗಳಾತು, ಊರೆಲ್ಲಾ ನನ್ನ ಮಾರಿಗೆ ಉಗಳಾಕತ್ತೈತಿ! ಒಂದು ಮಾತು ಹೇಳಬಾರದಾ?”

“ಯಾರ ಕೇಳಿದ್ರು ನನ್ನ? ಅಕ್ಕಾರು ನಿನಗ ಬರದ್ರು, ನೀ ಅಕ್ಕಾರಿಗೆ ಬರದಿ. ಬಿದ್ದಾಕಿ ನಾ. ಒಳಗಿದ್ದಾಕಿ ನಾ. ಅವ್ವಾ ಏನಾತು ಅಂತ ಒಂದಿನ ಕೇಳೀಯೇನು?”

ಕೇಳಿರಲಿಲ್ಲ. ಗುಳಿಗೆ ತಗೊಂಡಿಯಾ, ಉಂಡಿಯಾ ಎಂದಷ್ಟೇ ದಿನಾ ಕೇಳುತ್ತಿದ್ದೆ. ನಾಚಿಕೆಯಾಯಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು, ಅಂಗಡಿಗೆ ಎದ್ದು ಹೋದೆ. ಇದನ್ನು ನಿಮಗೇಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ನೀವೂ ಕೇಳಿರಲಿಲ್ಲ, ಅದಕ್ಕೆ ಇರಬೇಕು.

ಹುಲಗೇಶ


ಹಂಸಭಾವಿ
೯ ಜುಲೈ ೨೦೨೪

ಹುಲಗೇಶ ಅವರಿಗೆ,

ಝೆರಾಕ್ಸಿನ ಬೆದರಿಕೆಗೆ ಹೆದರಿ ಹೋದೆ ಎಂದು ತಿಳಿಯಬೇಡಿ. ಭರಮವ್ವನವರ ಮಾತು ಓದಿದ ಮೇಲೆ ಹೋದೆ.

ಶನಿವಾರ ಅಕ್ಕಿಆಲೂರಿನಲ್ಲಿ ಸಂಘದ ಸಭೆಯಿತ್ತು. ಮೂವತ್ತಕ್ಕೂ ಹೆಚ್ಚು ಹೆಂಗಸರು. ನಿಂತು ಹೇಳಿದೆ. ಫ್ಯಾನು ಆರಿಸಿದ್ದು ನಮ್ಮ ಮಾವನವರು, ವಾರ ಹಿಡಿದು ಆರಿಸಿದರು, ಕಟ್ಟಿದವನ ತಪ್ಪಿಲ್ಲ, ವಿಚಾರಿಸದೆ ಅವನ ಹೆಸರು ಕೆಡಿಸಿದವಳು ನಾನು ಎಂದೆ. ಹಿಂದೆ ಯಾರೋ ಕಿಸಕ್ಕೆಂದರು. ಅಫ್ಸಾನಾ ನಗಲಿಲ್ಲ. “ಅಲ್ರಿ ಅಕ್ಕಾರ, ಸೋಮವಾರ ಫ್ಯಾನಿಗೆ ಸೂಟಿ ಇತ್ತು ಅಂದ್ರಿ. ಹೆಣ್ಮಕ್ಕಳು ಯಾಕ ಒಳಗಿದ್ರು?” ಎಂದು ಕೇಳಿದಳು. ಭಾನುವಾರ ಬಿಡಿಸಿದ ಮೊಗ್ಗಿಗೆ ಸೋಮವಾರ ಪುಡಿ ಮುಟ್ಟಿಸದಿದ್ದರೆ ಕೆಡುತ್ತದೆ ಎಂದು ಉತ್ತರ ಕೊಟ್ಟೆ. ಅವಳು ತಲೆಯಾಡಿಸಿ ಬರೆದುಕೊಂಡಳು. ನಿಮ್ಮ ಕೆಲಸ ನಿಮಗೆ ಸಿಗುತ್ತದೆ. ಒಳಗೆ ಎಲ್ಲರಿಗೂ ಕಾಣುವಲ್ಲಿ ಒಂದು ಸ್ವಿಚ್ ಇಡಬೇಕೆಂದು ಅವರು ಷರತ್ತು ಹಾಕಿದ್ದಾರೆ. ನೀವು ನಮ್ಮಲ್ಲಿಯೂ ಹಾಗೆ ಇಡಬೇಕಿತ್ತು. ಅದು ನಿಮ್ಮ ತಪ್ಪು, ಅದನ್ನು ಬಿಡುವುದಿಲ್ಲ.

ಮಾವನವರು ಶಿಗ್ಗಾಂವಕ್ಕೆ ಬರುವುದಿಲ್ಲ. “ನಾ ತಪ್ಪು ಮಾಡಿಲ್ಲ, ವಾರ ಹಿಡಿದೇನಿ. ವಾರ ಹಿಡಿಯೂದು ಯಾವಾಗಿಂದ ತಪ್ಪಾತು?” ಎನ್ನುತ್ತಾರೆ. ನಾನು ಸಭೆಯಲ್ಲಿ ಅವರ ಹೆಸರು ಹೇಳಿದ್ದು ನನಗಿಂತ ಮೊದಲೇ ಊರು ಮುಟ್ಟಿತ್ತು. ಅಂದಿನಿಂದ ನನ್ನೊಡನೆ ಮಾತಿಲ್ಲ. ತಾಟು ಮುಂದಿಟ್ಟರೆ ಗೋಡೆಯ ಕಡೆ ತಿರುಗಿ ಉಣ್ಣುತ್ತಾರೆ. ನನಗೆ ತಂದೆಯಾಗಿ ನಿಂತವರು. ನಿಮ್ಮ ಹೆಸರು ಉಳಿಯಿತು, ನನಗೆ ನನ್ನ ಮನೆಯಲ್ಲಿ ಮಾತಾಡುವವರಿಲ್ಲದಂತಾಯಿತು. ನಿಮಗಿದು ತಿಳಿದಿರಲಿ ಎಂದು ಬರೆದೆ.

ನಿಮ್ಮನ್ನು ನಾನು ಏನೂ ಕೇಳುವುದಿಲ್ಲ. ಭರಮವ್ವನವರನ್ನು ಕೇಳುತ್ತೇನೆ. ಏನಾಗಬೇಕು ಎಂದು ಅವರೇ ಹೇಳಲಿ.

ಸುಧಾರಾಣಿ


ಶಿಗ್ಗಾಂವ
೧೪ ಜುಲೈ ೨೦೨೪

ಅಕ್ಕನವರೇ, ಇದು ಅವ್ವನ ಕಾಗದ, ಗೌಡರಿಗೆ. ನೀವೇ ಅವರಿಗೆ ಓದಿ ಹೇಳಬೇಕಂತೆ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ನಡುವೆ ನನ್ನದೊಂದು ಮಾತು ಸೇರಿಸಲು ನೋಡಿ ಎರಡು ಸಲ ಬೈಸಿಕೊಂಡೆ. ಹುಲಗೇಶ.

ಕುಬೇರಪ್ಪ ಗೌಡ್ರಿಗೆ ಭರಮವ್ವ ಮಾಡೂ ನಮಸ್ಕಾರ.

ನಾ ಈಗ ಆರಾಮ ಅದೇನಿ. ಸೊಸಿ ಕೂಡ ನೀವು ಮಾತು ಬಿಟ್ಟೀರಂತ ಕೇಳಿದೆ. ಹಂಗ ಮಾಡಬ್ಯಾಡ್ರಿ. ಆಕಿ ಖರೇ ಹೇಳ್ಯಾಳ. ಖರೇ ಹೇಳಾಕ ಆಕಿಗೂ ಎರಡು ತಿಂಗಳ ಹಿಡದೈತಿ, ಅದು ಬ್ಯಾರೆ ಮಾತು. ಓದಾಕತ್ತೀರಲ್ಲ ಅಕ್ಕಾರ, ಸಿಟ್ಟಾಗಬ್ಯಾಡ್ರಿ, ಮುಂದ ಓದ್ರಿ.

ನೀವು ಸೋಮವಾರ ಫ್ಯಾನ್ ಬಂದ್ ಮಾಡೂದು ನನಗ ಮೊದಲ ವಾರದಾಗ ಗೊತ್ತಾತು. ನೀವು ಈಬತ್ತಿ ಹಚ್ಚಿ ಕೈ ಮುಗದು ಸ್ವಿಚ್ ಎಳದದ್ದನ್ನ ಸಾಲಿನ್ಯಾಗ ನಿಂತು ನೋಡೇನಿ. ಪ್ಲಾಸ್ಟಿಕ್ಕಿನ ಆಚಿಕಡಿ ನೀವು, ಈಚಿಕಡಿ ನಾವು ಹದಿನೆಂಟು ಮಂದಿ. ನಮಗ ನೀವು ಕಂಡ್ರಿ. ನಿಮಗ ನಾವು ಕಾಣಲಿಲ್ಲ. ಆಮ್ಯಾಲ ಮೈಯೆಲ್ಲಾ ನೀರಿಳಿತಿತ್ತು, ಚಿಮಟಾ ಬೆರಳಾಗಿಂದ ಜಾರ್ತಿತ್ತು. ಹೊರಗ ಹೋಗೂಣು ಅಂದ್ರ ಐತವಾರ ಬಿಡಿಸಿದ ಮೊಗ್ಗ ನಮ್ಮ ಮಾರಿ ನೋಡ್ತಿದ್ವು. ಅವು ಮಂಗಳವಾರದ ತನಕ ಕಾಯಂಗಿಲ್ಲ.

ಯಾಕ ಹೇಳಲಿಲ್ಲ ಅಂತ ನನ್ನ ಮಗ ಕೇಳ್ತಾನ. ಹೇಳಿದ್ರ ಏನಕ್ಕಿತ್ತು? ಬಸವಣ್ಣನ ವಾರಕ್ಕ ಅಡ್ಡ ಬಂದಾಕಿ ಅಂತ ನನಗ ಹೆಸರ ಬರ್ತಿತ್ತು. ಮರುದಿನ ಜಗದೀಶ ಗೇಟಿನ್ಯಾಗ ನಿಂತು ಇವತ್ತ ಕೆಲಸ ಇಲ್ಲ ಅಂತಿದ್ದ.

ನೀವು ಮಾಡಿದ್ದು ತಪ್ಪು ಅಂತ ನಾ ಅನ್ನಂಗಿಲ್ಲ ಗೌಡ್ರ. ಎತ್ತಿಗೆ ಜೀವ ಐತಿ, ಅದಕ್ಕ ಒಂದಿನ ಸೂಟಿ ಬೇಕು. ಫ್ಯಾನಿಗೂ ಜೀವ ಐತಿ ಅಂದ್ರಿ, ಇರಬಹುದು, ಅದಕ್ಕೂ ಸೂಟಿ ಕೊಟ್ರಿ. ನಿಮ್ಮ ಹೊಲಕ್ಕ ನಾ ಬರಾಕತ್ತು ಹನ್ನೊಂದು ವರ್ಷ ಆತು. ಹನ್ನೊಂದು ವರ್ಷದ ಸೋಮವಾರೆಲ್ಲಾ ನಿಮ್ಮ ಎತ್ತು ನೆಳ್ಳಾಗ ಮಲಗಿ ಮೆಲಕು ಹಾಕ್ತಿದ್ವು. ಅವುಗಳ ಮುಂದ ಹಾದು ನಾ ಕಳೆ ತಗ್ಯಾಕ ಹೊಕ್ಕಿದ್ದೆ. ಜೀವ ಇದ್ದದ್ದನ್ನ ನೀವು ಎಣಸುವಾಗ ನಾವು ಹದಿನೆಂಟು ಮಂದಿ ಎಲ್ಲಿ ಬಿಟ್ಟ ಹ್ವಾದ್ವಿ?

ನೀವು ಇಲ್ಲಿಗೆ ಬರೂದು ಬ್ಯಾಡ. ಅದು ನನ್ನ ಮಗನ ಹಟ. ಬಸ್ಸಿನ್ಯಾಗ ಕುಂತು ಬಂದು ನಿಮ್ಮ ಟೊಂಕ ಹಿಡದ್ರ ಅದನ್ನೂ ನಮ್ಮ ಮ್ಯಾಲ ಹಾಕ್ತೀರಿ. ಸೀರಿ ಅಕ್ಕಿನೂ ಬ್ಯಾಡ.

ಉಳಿದವ್ರ ಕೂಡ ಫೋನಿನ್ಯಾಗ ಮಾತಾಡೇನಿ, ಎಲ್ಲಾರದ್ದೂ ಒಂದ ಮಾತು. ಸೋಮವಾರ ಫ್ಯಾನ್ ತಿರುಗಲಿ, ಗಿಡ ಸುಡಬಾರದು, ಟಾಕಿಗೆ ನೀರು ಬರ್ಲಿ. ನಾವು ಬರಂಗಿಲ್ಲ. ಐತವಾರ ಮೊಗ್ಗ ಬಿಡಸಂಗಿಲ್ಲ, ಬ್ಯಾರೆ ಕೆಲಸ ಮಾಡ್ತೇವಿ. ನೀವು ವಾರ ಹಿಡೀರಿ, ನಿಮ್ಮ ಜೋಡಿ ನಾವೂ ಹಿಡಿತೇವಿ. ಇದಕ್ಕ ಒಪ್ಪಿದ್ರ ಹೂ ಬಿಡೂ ಹೊತ್ತಿಗೆ ಬರ್ತೇನಿ. ಒಪ್ಪಲಿಲ್ಲಂದ್ರ ಹದಿನೆಂಟು ಚಿಮಟಾ ನಿಮ್ಮ ಪಡಸಾಲ್ಯಾಗ ಇರ್ತಾವ, ನೀವು ಮಾವ ಸೊಸಿ ಕೂಡಿ ಕಲೀರಿ.

ಕಡೀ ಮಾತು. ಸೋಮವಾರ ದುಡಿಲಿಲ್ಲಂತ ನೀವು ಎತ್ತಿಗೆ ಎಂದೂ ಮೇವು ತಪ್ಪಿಸಿಲ್ಲ. ನಮ್ಮ ಪಗಾರನೂ ತಪ್ಪಿಸಬ್ಯಾಡ್ರಿ.

ಭರಮವ್ವನ ಹೆಬ್ಬೆಟ್ಟು